ಕಂಡಕ್ಟರ್ ಮುರಿಗೆಪ್ಪನ ಪುಸ್ತಕ ಪ್ರಚಾರ

ಮುರಿಗೆಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಟಿಕೆಟ್ ಕೊಡುತ್ತ ಕೊಡುತ್ತ ಪ್ರಯಾಣಿಕರ ಬಾಯಿಂದ ಒಗಟು ಕೇಳಿ ಬರೆದುಕೊಳ್ಳುವುದು ಅವನ ಹುಚ್ಚು. ನಿವೃತ್ತನಾದ ಮೇಲೆ ಅವನ್ನೆಲ್ಲ ಸೇರಿಸಿ ಸ್ವಂತ ಖರ್ಚಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಅಚ್ಚಾಗುವ ತನಕ ಎಲ್ಲ ಸಲೀಸು. ಆಮೇಲೆ ಪುಸ್ತಕದ ಕಟ್ಟುಗಳು ಆಟೋದಲ್ಲಿ ಬಂದು ಮನೆಯ ಒಳಕೋಣೆಯಲ್ಲಿ ಕೂತವು ನೋಡಿ, ಅಲ್ಲಿಂದ ಏಳಲೇ ಇಲ್ಲ.

ಪ್ರಚಾರ ಮಾಡಲಿಲ್ಲವೇ ಅಂದರೆ, ಬೇಕಾದಷ್ಟು ಮಾಡಿದ. ಬಿಡುಗಡೆ ಸಮಾರಂಭ ಇಟ್ಟುಕೊಂಡ. ವೇದಿಕೆಯ ಮೇಲಿದ್ದವರು ಕೆಳಗಿದ್ದವರಿಗಿಂತ ಹೆಚ್ಚು. ಒಬ್ಬರು ಮುರಿಗೆಪ್ಪನ ಸರಳತೆಯ ಬಗ್ಗೆ ಮಾತಾಡಿದರು, ಇನ್ನೊಬ್ಬರು ಕನ್ನಡದ ಸ್ಥಿತಿಗತಿಯ ಬಗ್ಗೆ ಮಾತಾಡಿದರು, ಅಧ್ಯಕ್ಷರು ತಮ್ಮ ಬಗ್ಗೆಯೇ ಮಾತಾಡಿದರು. ಪುಸ್ತಕದ ಒಳಗೆ ಏನಿದೆ ಎಂದು ಹೇಳಲು ಯಾರಿಗೂ ಪುರುಸೊತ್ತಾಗಲಿಲ್ಲ. ಎಲ್ಲರೂ ಗೌರವ ಪ್ರತಿಯನ್ನು ಬಗಲಲ್ಲಿಟ್ಟುಕೊಂಡು ಊಟಕ್ಕೆ ಎದ್ದರು.

ಆಮೇಲೆ ಮುರಿಗೆಪ್ಪ ತಾನು ಶಾಲು, ಹಾರ, ಪೇಟ ತೊಟ್ಟ ಫೋಟೊವನ್ನು ಇದ್ದಬದ್ದ ವಾಟ್ಸಾಪ್ ಗುಂಪಿಗೆಲ್ಲ ಕಳಿಸಿದ. ಕರಪತ್ರ ಹಾಕಿಸಿದ, ಅದರಲ್ಲಿ ಪುಸ್ತಕದ ಹೆಸರಿಗಿಂತ ಅವನ ಹೆಸರೇ ದಪ್ಪ. ಅಭಿನಂದನೆಗಳು ಬಂದವು. ಕೈಮುಗಿದ ಚಿತ್ರಗಳು, ಹೂಗುಚ್ಛದ ಚಿತ್ರಗಳು ರಾಶಿ ರಾಶಿ ಬಂದವು. ನನಗೊಂದು ಪ್ರತಿ ಬೇಕು ಎಂದು ಮಾತ್ರ ಒಬ್ಬನೂ ಕೇಳಲಿಲ್ಲ.

ಅಷ್ಟರಲ್ಲಿ ಚೊಚ್ಚಲ ಬಸುರಿ ಮಗಳು ಸುಮಂಗಲಾ ತವರಿಗೆ ಬರುವ ಕಾಲ ಹತ್ತಿರವಾಯಿತು. ಹೆಂಡತಿ ಶಾಂತವ್ವ ಒಳಕೋಣೆಯ ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟಳು.

“ಬಾಣಂತಿ ಮಲಗಾಕ ಗಾಳಿ ಬೀಸದ ಕೋಣಿ ಅಂದ್ರ ಇದೊಂದ ಐತಿ. ನಿಮ್ಮ ಪುಸ್ತಕದ ಮ್ಯಾಲ ತೊಟ್ಟಿಲು ಇಡೂದೇನು? ಮಗಳು ಬರೂದ್ರಾಗ ಖಾಲಿ ಮಾಡ್ರಿ. ಇಲ್ಲಾಂದ್ರ ನಾನ ಗುಜರಿಯಾಂವನ್ನ ಕರದು ತೂಕಕ್ಕ ಹಾಕ್ತೀನಿ.”

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ದೊಡ್ಡ ಸಂಕಟ. ಇಷ್ಟು ವರ್ಷ ಜೋಪಾನ ಮಾಡಿದ ಒಗಟುಗಳು ತಕ್ಕಡಿಯಲ್ಲಿ ಕೂರುವುದನ್ನು ನೆನೆದರೆ ಮುರಿಗೆಪ್ಪನಿಗೆ ಅನ್ನ ಇಳಿಯಲಿಲ್ಲ. ಮರುದಿನ ಚೀಲದ ತುಂಬ ಪುಸ್ತಕ ತುರುಕಿಕೊಂಡು, ಅಂಗಡಿಗಳಲ್ಲಾದರೂ ಇಟ್ಟು ಬರೋಣ ಎಂದು ಹಾವೇರಿ ಬಸ್ಸು ಹತ್ತಿದ.

ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಬಸ್ಸು ನಿಂತಿತು. ಮುರಿಗೆಪ್ಪ ಎದ್ದ. ಬಸ್ಸಿನ ನಡುವೆ ನಿಂತು ಮಾತಾಡುವುದು ಅವನಿಗೇನು ಹೊಸದೇ?

“ಬಂಧುಗಳೇ, ನಾನು ಲೇಖಕ ಮುರಿಗೆಪ್ಪ. ನನಗ ಭಾರಿ ಸನ್ಮಾನ ಆಗೇತಿ. ದೊಡ್ಡ ದೊಡ್ಡವರು ಶಾಲು ಹೊಚ್ಚ್ಯಾರ, ಪೇಪರಿನ್ಯಾಗ ಫೋಟೊ ಬಂದೈತಿ...”

ಒಬ್ಬ ಕಿಟಕಿಯ ಕಡೆ ಹೊರಳಿದ. ಇನ್ನೊಬ್ಬ ಫೋನಿನ ಹಾಡು ಜೋರು ಮಾಡಿದ. ಮುಂದಿನ ಸೀಟಿನಲ್ಲಿ ಶೇಂಗಾ ಸುಲಿಯುತ್ತಿದ್ದ ಅಜ್ಜಿಯೊಬ್ಬಳು ಮಾತ್ರ ತಲೆಯೆತ್ತಿದಳು.

“ಶಾಲು ನಿನಗ ಹೊಚ್ಚ್ಯಾರೋ ಯಪ್ಪಾ. ಅದರಿಂದ ನಮಗೇನಾತು? ಪುಸ್ತಕದಾಗ ಏನೈತಿ, ಅದನ್ನ ಹೇಳು.”

ಮುರಿಗೆಪ್ಪ ಇಷ್ಟು ದಿನ ಊರಿಗೆಲ್ಲ ಡಂಗುರ ಹೊಡೆದನಲ್ಲ, ಈ ಒಂದು ಮಾತನ್ನು ಯಾರಿಗೂ ಹೇಳಿಯೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ಒಗಟು ಅದಾವಬೇ,” ಎಂದ ಮೆಲ್ಲಗೆ.

“ಹಂಗಾದ್ರ ಒಂದು ಹಾಕು, ನೋಡೂಣು.”

“ಒಳಗಿನಾಂವಲ್ಲ, ಹೊರಗಿನಾಂವಲ್ಲ. ಎಲ್ಲಾರೂ ದಾಟಿ ಹೋಗ್ತಾರ, ಮ್ಯಾಲ ಕುಂತ್ರ ಬೈತಾರ. ಯಾರು?”

“ಮನಿ ಅಳಿಯ!” ಎಂದ ಹಿಂದಿನ ಸೀಟಿನವನೊಬ್ಬ. ಬಸ್ಸೆಲ್ಲ ಗೊಳ್ಳೆಂದಿತು. ಯಾರೋ ಕಿಟಕಿ ಎಂದರು, ಯಾರೋ ರೈಲ್ವೆ ಗೇಟೇ ಎಂದರು. ಅಜ್ಜಿ ತೊಡೆ ತಟ್ಟಿಕೊಂಡು, “ಹೊಸ್ತಿಲಾ!” ಎಂದು ಕೂಗಿದಳು. ಗೆದ್ದ ಹುರುಪಿನಲ್ಲಿ, “ಇನ್ನೊಂದು ಹಾಕೋ,” ಎಂದಳು.

ಎರಡನೆಯ ಒಗಟಿಗೆ ಫೋನುಗಳು ಜೇಬು ಸೇರಿದವು. ಗೇಟು ತೆರೆದದ್ದು, ಬಸ್ಸು ಹೊರಟದ್ದು ಯಾರ ಗಮನಕ್ಕೂ ಬರಲಿಲ್ಲ. ಮೂರನೆಯದಕ್ಕೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಿರುವಾಗಲೇ ಹಾವೇರಿ ಬಂದುಬಿಟ್ಟಿತು.

“ಮುರಿಗೆಪ್ಪಣ್ಣ, ಉತ್ತರ ಹೇಳದ ಇಳದ್ರ ನೋಡ್ರಿ ಮತ್ತ!” ಎಂದು ಡ್ರೈವರೇ ಹಿಂದಕ್ಕೆ ತಿರುಗಿ ಗದರಿದ.

“ಪುಸ್ತಕದ ಕಡೀ ಹಾಳಿಯಾಗ ಐತಿ,” ಎಂದ ಮುರಿಗೆಪ್ಪ, ನಗುತ್ತ.

ಅಷ್ಟೇ ಸಾಕಾಯಿತು. ಅವನು ಅಂಗಡಿಗೆ ಹೋಗುವ ಪ್ರಸಂಗವೇ ಬರಲಿಲ್ಲ. ಬಸ್ಸಿನ ಮೆಟ್ಟಿಲಲ್ಲೇ ಚೀಲ ಬರಿದಾಯಿತು.

ಅಂದಿನಿಂದ ಅವನು ಶಾಲಿನ ಸುದ್ದಿ ಎತ್ತಲಿಲ್ಲ. ದಿನಾ ಒಂದು ಬಸ್ಸು ಹತ್ತಿ ಒಗಟು ಹಾಕಿದ. ವಾಟ್ಸಾಪಿಗೂ ಫೋಟೊದ ಬದಲು ಒಗಟನ್ನೇ ಕಳಿಸಿದ. ಹೂಗುಚ್ಛಗಳು ನಿಂತವು, ಪುಸ್ತಕ ಕೇಳಿ ಫೋನುಗಳು ಬರತೊಡಗಿದವು. ಹಾಸ್ಟೆಲ್ಲಿನ ಮೇಷ್ಟ್ರೊಬ್ಬರು ಹುಡುಗರಿಗೆಂದು ಕಟ್ಟುಗಟ್ಟಲೆ ಕೊಂಡು ಹೋದರು. ಮಗಳು ಬರುವ ಹಿಂದಿನ ದಿನ ಕೊನೆಯ ಕಟ್ಟೂ ಮನೆ ಬಿಟ್ಟಿತು. ಶಾಂತವ್ವ ಕೋಣೆ ಗುಡಿಸಿ ತೊಳೆದಳು. ಮುರಿಗೆಪ್ಪ ಆ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕೂತು ನೀಳವಾಗಿ ಉಸಿರುಬಿಟ್ಟ. ಇಷ್ಟು ನೆಮ್ಮದಿ ಅವನಿಗೆ ಪೇಟ ಕಟ್ಟಿಸಿಕೊಂಡ ದಿನವೂ ಆಗಿರಲಿಲ್ಲ.

ಮರುದಿನ ಸುಮಂಗಲಾ ಬಂದವಳೇ ಕೈ ಚಾಚಿದಳು.

“ಅಪ್ಪಾ, ಎಲ್ಲೈತಿ ನನ್ನ ಪುಸ್ತಕ? ಬಸ್ಸಿನ್ಯಾಗ ಎಲ್ಲಾರ ಕೈಯಾಗೂ ನೋಡಿದೆ.”

ಮುರಿಗೆಪ್ಪ ಹಣೆ ಹಣೆ ಬಡಿದುಕೊಂಡ. ಮಗಳಿಗೆಂದು ಒಂದನ್ನೂ ಉಳಿಸಿರಲಿಲ್ಲ. ಶಾಂತವ್ವ ಸೆರಗು ಬಾಯಿಗಿಟ್ಟು ನಕ್ಕಳು.

“ಅವಕ್ಕ ಜಾಗಾ ಇಲ್ಲ ಅಂತ ಬೈದಾಕಿ ನಾನ. ಇನ್ನೊಮ್ಮೆ ಅಚ್ಚ ಹಾಕಸ್ರಿ. ಈ ಸಲ ಅಡಗಿಮನ್ಯಾಗ ಇಟಗೋತೀನಿ.”

ನೀತಿ: ನಮ್ಮ ದೊಡ್ಡಸ್ತಿಕೆ ಕೇಳಲು ಜನರಿಗೆ ಪುರುಸೊತ್ತಿಲ್ಲ. ನಮ್ಮಲ್ಲಿರುವ ಒಳ್ಳೆಯದನ್ನು ಒಂದು ತುತ್ತು ಬಡಿಸಿ ನೋಡಿ. ಉಳಿದದ್ದನ್ನು ಅವರೇ ಕೇಳಿ ಬಡಿಸಿಕೊಳ್ಳುತ್ತಾರೆ.