ಸಂಗಯ್ಯನ ವಾಯರಿಂಗು

ಹೊಗೆ ತಪಾಸಣೆಯಲ್ಲಿ ಆಶ್ರಮದ ಕಾರು ಎರಡನೆಯ ಸಲವೂ ಫೇಲಾಯಿತು. ಗುರುಶಾಂತ ಅಲ್ಲಿ ಕೊಟ್ಟ ಚೀಟಿಯನ್ನು ಮುದ್ದೆ ಮಾಡಿ ಆಶ್ರಮದ ಪಕ್ಕದ ಹೊಳೆಗೆ ಎಸೆದ.

ಅವನು ಹನ್ನೆರಡು ವರ್ಷ ಗ್ಯಾರೇಜಿನಲ್ಲಿ ವಾಯರಿಂಗ್ ಮಾಡಿದವನು. ಮಾಲೀಕನ ಮೇಲೆ ಸ್ಪ್ಯಾನರ್ ಎಸೆದು ಕೆಲಸ ಕಳೆದುಕೊಂಡಿದ್ದ. ಸಿಟ್ಟು ಇಳಿಸಿಕೊಳ್ಳಬೇಕೆಂದು ನೀಲಾಂಬಿಕೆ ತಾಯಿಯವರ ಆಶ್ರಮ ಸೇರಿ ಮೂರು ವರ್ಷವಾಗಿತ್ತು. ಸಿಟ್ಟು ಇಳಿದಿರಲಿಲ್ಲ.

ಕಾರು ಬಹಳ ಹಳೆಯದು. ಹಿಂದೆ ಇದ್ದ ಸಂಗಯ್ಯನೆಂಬ ಶಿಷ್ಯ ಅದಕ್ಕೆ ಬೇರೆ ಕಾರಿನ ಇಂಜಿನ್ ಕೂರಿಸಿ, ವಾಯರುಗಳನ್ನು ತಾನೇ ಜೋಡಿಸಿ, ಕಾಶಿಯ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಆಶ್ರಮದ ಇಬ್ಬರು ಮುದುಕರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಒಯ್ಯುತ್ತಿದ್ದುದು ಈ ಕಾರೇ. ಹಳೆಯ ಹೊಗೆ ಸರ್ಟಿಫಿಕೇಟಿನ ಅವಧಿ ಬುಧವಾರಕ್ಕೆ ಮುಗಿಯುತ್ತಿತ್ತು. ಗುರುವಾರ ಆಸ್ಪತ್ರೆಗೆ ಹೋಗಲೇಬೇಕು. ಅಂದು ಸೋಮವಾರ.

ಗುರುಶಾಂತ ಬಾನೆಟ್ ಎತ್ತಿ ಬಗ್ಗಿದ. ಮಧ್ಯಾಹ್ನದವರೆಗೂ ಅವನ ಬಾಯಿಗೆ ಬಿಡುವಿರಲಿಲ್ಲ.

ತಾಯಿ ಬಂದು ನಿಂತರು. "ಯಾರನ್ನ ಬೈಲಿಕತ್ತಿ, ತಮ್ಮಾ?"

"ಸಂಗಯ್ಯನ್ನರಿ. ಯಾವ ವಾಯರ್ ಎಲ್ಲಿಗೆ ಹೋಗ್ಯದೋ ಆ ದೇವರಿಗೂ ಗೊತ್ತಿಲ್ಲ."

"ಅಂವ ಇಲ್ಲಿಲ್ಲಲ್ಲ."

"ಇದ್ದಿದ್ರ ಕೈ ಮುರೀತಿದ್ದೆ."

ತಾಯಿ ಬಾನೆಟ್ಟಿನೊಳಗಿನ ವಾಯರಿನ ಕಟ್ಟಿನ ಕಡೆ ಸಾವಕಾಶವಾಗಿ ನೋಡಿದರು. ಆ ಸಮಾಧಾನ ಗುರುಶಾಂತನನ್ನು ಇನ್ನಷ್ಟು ಕೆರಳಿಸಿತು. ಕಟಿಂಗ್ ಪ್ಲೈಯರ್ ತೆಗೆದುಕೊಂಡವನೇ, ತೋಳು ದಪ್ಪದ ಆ ವಾಯರಿನ ಕಟ್ಟನ್ನು ಅವರ ಕಣ್ಣೆದುರೇ ಕಚಕಚನೆ ಕತ್ತರಿಸಿಬಿಟ್ಟ.

ಆಮೇಲೆ ಅವನಿಗೆ ತಾನೇನು ಮಾಡಿದೆ ಎಂದು ತಿಳಿಯಿತು.

"ಸಂಗಯ್ಯಗ ಪೆಟ್ಟು ಬಿತ್ತೇನು?" ತಾಯಿ ಕೇಳಿದರು.

ತಾಯಿ ಕಾರಿನ ಹತ್ತಿರ ಬಂದು, ಕತ್ತರಿಸಿದ ಒಂದು ವಾಯರಿನ ತುದಿಯನ್ನು ಬಲಗೈಯಲ್ಲಿ ಹಿಡಿದರು. "ಇದು ಎಲ್ಲಿಗೆ ಹೋಗ್ತದ?"

"ಗೊತ್ತಿಲ್ರಿ."

"ಹುಡುಕು. ಸಿಗೋತನಕ ನಾ ಹಿಡದಿರ್ತೀನಿ."

ಎಪ್ಪತ್ತು ದಾಟಿದ ಜೀವ ಬಿಸಿಲಲ್ಲಿ ನಿಂತಿತು. ಕುರ್ಚಿ ತಂದಿಟ್ಟರೆ ಕೂರಲಿಲ್ಲ. ಗುರುಶಾಂತನಿಗೆ ಈಗ ಅವರ ಮೇಲೂ ಸಿಟ್ಟು ಬಂತು. ಹಲ್ಲು ಕಚ್ಚಿಕೊಂಡು, ಟೆಸ್ಟರಿನ ಬಲ್ಬು ಹಚ್ಚಿ ಹಚ್ಚಿ ನೋಡಿ, ಇನ್ನೊಂದು ತುದಿ ಹುಡುಕಿ ಜೋಡಿಸಿದ. ತಾಯಿ ಎರಡನೆಯ ವಾಯರು ಹಿಡಿದರು.

ಮಂಗಳವಾರವೂ ಹಾಗೆಯೇ ನಡೆಯಿತು. ಒಂದೊಂದೇ ವಾಯರಿನ ಹಿಂದೆ ಹೋದ ಹಾಗೆ ಅವನ ಬೈಗುಳ ಕಡಿಮೆಯಾಯಿತು. ಸಂಗಯ್ಯ ಹಾಕಿದ ಒಂದು ಜಾಯಿಂಟೂ ಸಡಿಲವಿರಲಿಲ್ಲ. ಹಾಗೆ ಒಪ್ಪಿಕೊಳ್ಳುವುದಕ್ಕೂ ಅವನಿಗೆ ಸಂಕಟವಾಯಿತು.

ಸಂಜೆಯ ಹೊತ್ತಿಗೆ, ಸೈಲೆನ್ಸರಿನ ಹೊಗೆ ಅಳೆಯುವ ಸೆನ್ಸರಿನ ವಾಯರು ಸಿಕ್ಕಿತು. ನಡುವೆ ಯಾರೋ ಅದನ್ನು ಮೊದಲೇ ಕತ್ತರಿಸಿ, ಅದರಿಂದ ಕಾರಿನೊಳಗಿನ ಪುಟ್ಟ ಫ್ಯಾನಿಗೆ ಕರೆಂಟು ಎಳೆದಿದ್ದರು. ಸೆನ್ಸರ್ ಸತ್ತಿತ್ತು, ಇಂಜಿನ್ ಲೆಕ್ಕವಿಲ್ಲದೆ ಪೆಟ್ರೋಲು ಕುಡಿದು ಹೊಗೆ ಉಗುಳುತ್ತಿತ್ತು.

ಗುರುಶಾಂತ ಆ ಜಾಯಿಂಟಿನ ಮೇಲಿನ ಟೇಪು ಬಿಚ್ಚಿದ. ಒಳಗಿನ ಎಳೆಗಳನ್ನು ಎಡಗೈಯವರು ಹೊಸೆಯುವಂತೆ ಎಡಕ್ಕೆ ಹೊಸೆದಿತ್ತು.

ಗುರುಶಾಂತ ಎಡಚ. ಕಳೆದ ಬೇಸಿಗೆಯಲ್ಲಿ ಮುದುಕರಿಗೆ ಸೆಕೆಯೆಂದು ಆ ಫ್ಯಾನು ಹಾಕಿ, ಕೈಗೆ ಸಿಕ್ಕ ವಾಯರಿನಿಂದ ಕರೆಂಟು ಎಳೆದವನು ತಾನೇ ಎಂದು ಅವನಿಗೆ ಈಗ ನೆನಪಾಯಿತು.

ಟೇಪು ಮತ್ತೆ ಸುತ್ತಿಬಿಡಬಹುದಿತ್ತು. ತಾಯಿಗೆ ವಾಯರು ತಿಳಿಯುವುದಿಲ್ಲ. ಅವನು ಟೇಪನ್ನು ಪಕ್ಕಕ್ಕಿಟ್ಟ.

"ತಾಯಿ, ಇದು ಸಂಗಯ್ಯನ ಕೆಲಸ ಅಲ್ಲರಿ. ನಂದು."

"ಹೂಂ. ಜೋಡಿಸು."

ಬುಧವಾರ ಕಾರು ಪಾಸಾಯಿತು. ಗುರುವಾರ ಇಬ್ಬರು ಮುದುಕರೂ ಆಸ್ಪತ್ರೆಗೆ ಹೋಗಿ ಬಂದರು.

ಕಾರು ನಿಲ್ಲಿಸಿ ಗುರುಶಾಂತ ಹೊಳೆದಂಡೆಗೆ ಹೋದ. ತಾಯಿ ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಎರಡು ದಿನ ನಿಂತು ಪಾದಗಳು ಬಾತಿದ್ದವು. ಅವನು ಪಕ್ಕದಲ್ಲಿ ಕುಳಿತ.

"ನಾ ಅಷ್ಟೆಲ್ಲಾ ಕತ್ತರಿಸಿ ಹಾಕಿದೆ," ಎಂದ. "ನಿಮಗ ಒಂದೀಟೂ ಸಿಟ್ಟು ಬರಲಿಲ್ಲ. ಅದು ಹ್ಯಾಂಗರಿ, ತಾಯಿ?"

ತಾಯಿ ಅವನ ಮುಖ ನೋಡಿದರು.

"ಬರಲಿಲ್ಲ ಅಂತ ಯಾರು ಹೇಳಿದರು, ತಮ್ಮಾ? ನಿನ್ನ ಕಪಾಳಕ್ಕ ಬಾರಿಸಬೇಕು ಅನ್ನುವಷ್ಟು ಬಂದಿತ್ತು. ಅದಕ್ಕ ಆ ಕೈಯಾಗ ವಾಯರ್ ಹಿಡಕೊಂಡು ನಿಂತೆ."