ದಸ್ತಗೀರಜ್ಜ ಪಂಪಿನಿಂದ ತೆಗೆದ ಎಳೆ

ಬಹಳ ಹಿಂದೆ, ಯಾರ ಆಳ್ವಿಕೆಯೋ ಯಾವ ಸಂವತ್ಸರವೋ ನನಗೆ ಗೊತ್ತಿಲ್ಲ, ತೊಳಗಲ್ಲು ಅಂತ ಒಂದೂರು. ಊರವರ ಕಸುಬು ಒಂದೇ, ಸುತ್ತಲಿನ ಮಠ, ದರ್ಗಾ, ಗೌಡರ ವಾಡೆಗಳ ರತ್ನಗಂಬಳಿ ತೊಳೆಯುವುದು. ಮೊದಲು ಹಳ್ಳದ ಕಲ್ಲಿನ ಮೇಲೆ ಬಡಿಯುತ್ತಿದ್ದರು. ಆಮೇಲೆ ಒಂದು ಯಂತ್ರ ಬಂತು. ಕೆಳಗೊಂದು ನೀರಿನ ತೊಟ್ಟಿ, ಮೇಲೊಂದು ಪಂಪು, ಅದನ್ನು ತಿರುಗಿಸಲು ಎಣ್ಣೆ ಎಂಜಿನ್ನು. ಪಂಪು ತೊಟ್ಟಿಯ ಸೋಪಿನ ನೀರನ್ನು ಎಳೆದು ಕಂಬಳಿಯ ಬುಡಕ್ಕೆ ನುಗ್ಗಿಸುತ್ತಿತ್ತು. ನೂರು ವರ್ಷದ ಧೂಳು ಹೊರಗೆ ಬರುತ್ತಿತ್ತಂತೆ. ಇರಲಿ, ನೂರಲ್ಲದಿದ್ದರೆ ಹತ್ತು ವರ್ಷದ್ದು ಅನ್ನಿ.

ಆ ಪಂಪು ಕೆಟ್ಟರೆ ಬರುತ್ತಿದ್ದವನು ದಸ್ತಗೀರಜ್ಜ. ಪಿಂಜಾರರವನು, ಹತ್ತಿ ಹಿಂಜುವುದು ಬಿಟ್ಟು ಪಂಪು ಹಿಡಿದವನು. ಮೂರು ಹರದಾರಿ ದೂರದಿಂದಲೇ ಪಂಪಿನ ಕೆಮ್ಮು ಅವನಿಗೆ ಕೇಳಿಸುತ್ತಿತ್ತು ಅನ್ನುತ್ತಾರೆ. ಕಬ್ಬಿಣ ಅವನ ಜೊತೆ ಮಾತಾಡುತ್ತಿತ್ತು ಅನ್ನುತ್ತಾರೆ. ನಾನು ನಂಬುವುದಿಲ್ಲ. ಆದರೆ ಗ್ರಹಣದ ಮರುದಿನ ನಡೆದದ್ದನ್ನು ನಂಬುತ್ತೇನೆ, ಯಾಕೆಂದರೆ ಅದನ್ನು ಹೇಳಲು ಊರವರಿಗೆ ಇವತ್ತಿಗೂ ನಾಚಿಕೆ.

ಆ ವರ್ಷ ನಡುಹಗಲಲ್ಲಿ ಸೂರ್ಯನಿಗೆ ಗ್ರಹಣ ಹಿಡಿಯಿತು. ಕೋಳಿಗಳು ಗೂಡು ಸೇರಿದವು, ನಾಯಿಗಳು ಅಂಗಳದಲ್ಲಿ ಮುದುಡಿಕೊಂಡವು. ಜನ ನೀರಿನ ಕೊಡ, ಹಂಡೆಗಳಿಗೆಲ್ಲ ಗರಿಕೆ ಹುಲ್ಲು ಹಾಕಿ ಬಾಗಿಲು ಮುಚ್ಚಿಕೊಂಡರು. ಗರಿಕೆ ಇದ್ದ ನೀರಿಗೆ ದೋಷ ತಟ್ಟುವುದಿಲ್ಲ ಎಂಬ ನಂಬಿಕೆ. ಕಂಬಳಿ ತೊಳೆಯುವ ಫಕ್ಕೀರವ್ವ ಆಗ ಏಳು ತಿಂಗಳ ಬಸುರಿ. ಗ್ರಹಣದಲ್ಲಿ ಬಸುರಿ ಹೊರಗೆ ಕಾಲಿಡಬಾರದು. ಆದರೆ ದಂಡೆಯ ಮೇಲಿದ್ದ ದರ್ಗಾದ ಕಂಬಳಿ ಹಳ್ಳಕ್ಕೆ ಜಾರುತ್ತಿತ್ತು. ಅವಳು ಓಡಿಬಂದು ಎಳೆದುಹಾಕಿ ಒಳಗೆ ಹೋದಳು. ಯಾರೋ ಕಿಟಕಿಯಿಂದ ನೋಡಿದರು.

ಮರುದಿನ ಬೆಳಿಗ್ಗೆ ಎಂಜಿನ್ನು ಹಚ್ಚಿದರೆ ಪಂಪು ತಿರುಗಿತು, ನೀರು ಬರಲಿಲ್ಲ. ನೀರಿನ ಬದಲು ಅದರ ಹೊಟ್ಟೆಯಿಂದ ಸಣ್ಣಗೆ ಒಂದು ಅಳು ಬಂತು. ಹಸುಗೂಸಿನ ಅಳು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅಷ್ಟರಲ್ಲೇ ಮೇಲಿನ ಓಣಿಯಲ್ಲಿ ಸತ್ತ ಕರು ಹುಟ್ಟಿದ ಸುದ್ದಿ ಬಂತು. ಜನಕ್ಕೆ ಇನ್ನೇನು ಬೇಕು?

ಯಂತ್ರದ ಒಡತಿ ನೀಲಗಂಗವ್ವ ಎಂಬ ಮುದುಕಿ. ಮೊದಲು ಬಾಯಿಬಿಟ್ಟವಳು ಅವಳೇ. ಬಸುರಿ ಗ್ರಹಣವನ್ನು ಮೈಮೇಲೆ ಹೊತ್ತು ತಂದು ಪಂಪಿಗೆ ಅಂಟಿಸಿದಳು, ನಾಳೆ ಮಕ್ಕಳಿಗೂ ಅಂಟಿಸುತ್ತಾಳೆ ಎಂದಳು. ಮಧ್ಯಾಹ್ನದೊಳಗೆ ಪಂಪಿನಲ್ಲಿ ನೀರು ಬರದಿದ್ದರೆ ಫಕ್ಕೀರವ್ವನನ್ನು ಹಳ್ಳದಾಚೆ ಅಟ್ಟುವುದೆಂದು ಹಿರಿಯರು ಗೊತ್ತು ಮಾಡಿದರು. ಹಳ್ಳದಾಚೆ ಇದ್ದದ್ದು ತೋಳದ ಕುರುಚಲು ಕಾಡು, ಬೇರೇನಲ್ಲ. ಅವಳ ಗಂಡ ಗದಿಗೆಪ್ಪ ಅಲ್ಲೇ ನಿಂತಿದ್ದ. ತಲೆ ಎತ್ತಲಿಲ್ಲ.

ದಸ್ತಗೀರಜ್ಜ ಬಂದವನೇ, "ಮೊದಲ ಎಂಜಿನ್ನ ಬಂದ್ ಮಾಡ್ರಿ. ನೀರಿಲ್ದ ತಿರುಗಿದ್ರ ಒಳಗಿನ ಚರ್ಮದ ವಾಸರ ಸುಡತೈತಿ" ಎಂದ. ಎಂಜಿನ್ನು ನಿಂತಿತು, ಅಳುವೂ ನಿಂತಿತು. ಅದು ಒಣಪಂಪಿನ ಸದ್ದು ಅಂತ ಆಗಲೇ ತಿಳಿಯಬೇಕಿತ್ತು. ಹೆದರಿದವರಿಗೆ ಕಿವಿ ಎಲ್ಲಿರುತ್ತದೆ?

ತೊಟ್ಟಿ ನೋಡಿದ, ನೀರು ತುಂಬಿತ್ತು. ಕೊಳವೆಯ ತುದಿಯ ಜರಡಿ ಬಿಚ್ಚಿದ, ಚೊಕ್ಕಟವಾಗಿತ್ತು. ಕೊಳವೆಯ ಬೆಸುಗೆಗೆಲ್ಲ ಸೋಪಿನ ನೊರೆ ಹಚ್ಚಿಸಿ, ಒಂದು ಗಳಿಗೆ ಎಂಜಿನ್ನು ಹಚ್ಚಿಸಿ ನೋಡಿದ, ಎಲ್ಲೂ ಗಾಳಿ ಎಳೆಯಲಿಲ್ಲ. ಒಂದೊಂದು ನೋಡಿ ಮುಗಿಸುವಾಗಲೂ ಪಕ್ಕದ ಬೇವಿನ ಮರದ ನೆರಳು ಬುಡಕ್ಕೆ ಸರಿಯುತ್ತಿತ್ತು, ಮಧ್ಯಾಹ್ನ ಹತ್ತಿರವಾಗುತ್ತಿತ್ತು. ಆಮೇಲೆ ಪಂಪಿನ ನೆತ್ತಿಯ ಬಿರಡೆ ತೆಗೆದ. ಅಲ್ಲಿ ನೀರು ತುಂಬಿದರೆ ಪಂಪು ಎಳೆಯಲು ಶುರುಮಾಡುತ್ತದೆ. ನೀರು ಹೊಯ್ಯಲು ಒಬ್ಬರನ್ನು ಕರೆದ. ಯಾರೂ ಬರಲಿಲ್ಲ.

"ನೀನ ಬಾ ಮಗಳ" ಎಂದ ಫಕ್ಕೀರವ್ವನಿಗೆ.

ಅವಳು ಚೊಂಬು ಹಿಡಿದು ಬಂದಳು. ಜನ ಹಿಂದೆ ಸರಿದರು. ಗದಿಗೆಪ್ಪನೂ ಸರಿದ. ಹೊಯ್ಯುವಾಗ ಅರ್ಧ ನೀರು ಹೊರಗೆ ಚೆಲ್ಲಿತು. ಒಳಗೆ ಹೋದ ಅರ್ಧವೂ ನಿಲ್ಲಲಿಲ್ಲ. ಎರಡನೇ ಚೊಂಬು ಹೊಯ್ದಳು, ಮಾಯ. ಮೂರನೆಯದು, ಮಾಯ. ಇವಳ ಕೈನೀರನ್ನು ಒಳಗೆ ಕೂತ ಯಾವುದೋ ಕುಡಿಯುತ್ತಿದೆ ಎಂದು ಯಾರೋ ಕಿರುಚಿದರು. ಇಬ್ಬರು ಗಂಡಸರು ಬಂದು ಅವಳ ರಟ್ಟೆ ಹಿಡಿದರು. ಅವಳು ಅಳಲಿಲ್ಲವಂತೆ. ಎರಡೂ ಕೈ ಸಿಕ್ಕಿಬಿದ್ದಿದ್ದರಿಂದ ಹೊಟ್ಟೆಯನ್ನು ಮುಚ್ಚಿಕೊಳ್ಳಲಾಗದೆ ಬಗ್ಗಿ ನಿಂತಳಂತೆ.

"ತಡೀರಿ. ಹೊಯ್ದ ನೀರ ಕೆಳಗ ಇಳ್ಯಾಕತ್ತೈತಿ. ವಾಲ್ವ್ ಮುಚ್ಚವಲ್ದು" ಎಂದು ದಸ್ತಗೀರಜ್ಜ ಜನಕ್ಕೆ ಬೆನ್ನು ಮಾಡಿ ಕೂತು ಪಂಪಿನ ವಾಲ್ವ್ ಬಿಚ್ಚಿದ. ಅದರ ಬಾಯಲ್ಲಿ ಹಸಿರು ಗರಿಕೆ ಸುತ್ತಿಕೊಂಡಿತ್ತು.

ಯಂತ್ರದ ಮೇಲೆ ಜೀವ ಇಟ್ಟಿದ್ದ ನೀಲಗಂಗವ್ವ ಅವನ ಭುಜದ ಹತ್ತಿರವೇ ನಿಂತಿದ್ದಳು. ಅವಳೂ ಕಂಡಳು. ಮುದುಕಿಯ ಮುಖ ಬೂದಿಬಣ್ಣಕ್ಕೆ ತಿರುಗಿತು. ಗ್ರಹಣಕ್ಕೆ ಮುಂಚೆ ಎಲ್ಲ ಪಾತ್ರೆಗೂ ಗರಿಕೆ ಹಾಕಿ, ಪಂಪಿನ ಹೊಟ್ಟೆಯಲ್ಲೂ ನೀರಿದೆಯಲ್ಲ ಎಂದು ನೆನಪಾಗಿ, ಬಿರಡೆ ತೆಗೆದು ಒಂದು ಹಿಡಿ ತುರುಕಿದವಳು ಅವಳೇ. ಸಾಯುವಾಗ ಅವಳೇ ಬಾಯಿಬಿಟ್ಟು ಹೇಳಿದ್ದು ಇದು. ಇಲ್ಲದಿದ್ದರೆ ನಮಗ್ಯಾರಿಗೆ ಗೊತ್ತಾಗಬೇಕು?

ದಸ್ತಗೀರಜ್ಜ ಮುದುಕಿಯ ಮುಖ ನೋಡಿದ. ತಿರುಗಿ ಜನರ ಮುಖ ನೋಡಿದ. ಆ ಮುಖಗಳಿಗೆ ಅಟ್ಟಲು ಯಾರಾದರೊಬ್ಬರು ಬೇಕಾಗಿತ್ತು, ಯಾರಾದರೂ ನಡೆಯುತ್ತಿತ್ತು. ಅವನು ಮುಷ್ಟಿ ಮುಚ್ಚಿದ.

"ಎಳಿ. ಕಂಬಳಿ ಎಳಿ ಸಿಕ್ಕಿತ್ತು" ಎಂದು ಮುಷ್ಟಿಯನ್ನು ಹಾಗೇ ಜೇಬಿಗಿಳಿಸಿದ.

ವಾಲ್ವ್ ಕೂರಿಸಿ ಎಂಜಿನ್ನು ಹಚ್ಚಿದರೆ ನೀರು ಬುಸುಗುಟ್ಟಿ ಬಂತು. ಗಂಡಸರು ಫಕ್ಕೀರವ್ವನ ರಟ್ಟೆ ಬಿಟ್ಟರು. ಯಾರೂ ತಪ್ಪಾಯಿತು ಅನ್ನಲಿಲ್ಲ. ಅವಳು ಅದೇ ಊರಲ್ಲಿ ಹೆತ್ತಳು, ಅದೇ ಪಂಪಿನ ಹತ್ತಿರ ದುಡಿದಳು. ಗದಿಗೆಪ್ಪನ ಕೈಯಿಂದ ಮಾತ್ರ ಸಾಯುವವರೆಗೆ ಒಂದು ಲೋಟ ನೀರು ತಗೊಳ್ಳಲಿಲ್ಲ ಅನ್ನುತ್ತಾರೆ.

ಇವತ್ತಿಗೂ ತೊಳಗಲ್ಲಿನಲ್ಲಿ ಪಂಪು ನಿಂತರೆ ಮೊದಲು ಎಂಜಿನ್ನು ಆರಿಸುತ್ತಾರೆ. ರಿಪೇರಿಯವನು ಜನಕ್ಕೆ ಬೆನ್ನು ಮಾಡಿ ಕೂರುತ್ತಾನೆ. ಒಳಗೆ ಬೀಡಿ ತುಂಡು ಸಿಗಲಿ, ಅಂಗಿಯ ಗುಂಡಿ ಸಿಗಲಿ, ಮುಷ್ಟಿ ಮುಚ್ಚಿ "ಎಳಿ" ಅನ್ನುತ್ತಾನೆ. ತೋರಿಸು ಅಂತ ಯಾರೂ ಕೇಳುವುದಿಲ್ಲ. ಒಮ್ಮೆ ಸಿಕ್ಕಿದ್ದು ಅಲ್ಲೇ ಕಂಬಳಿ ತೊಳೆಯುತ್ತಿದ್ದ ನನ್ನ ಬಳೆಯ ಚೂರು, ಮುಷ್ಟಿ ಮುಚ್ಚುವ ಮೊದಲು ನಾನೇ ಕಂಡೆ. ಅವನು "ಎಳಿ" ಅಂದ, ಜನ ತಲೆಯಾಡಿಸಿ ಕೆಲಸಕ್ಕೆ ಹೋದರು. ನಾನು ಬಳೆ ಒಡೆದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರ ಹಿಂದೆ ಹೋದೆ.