ಸದ್ದು ಮಾಡದ ಕ್ಯಾಮೆರಾ

“ಗುರುಗಳೇ, ನಾನು ಜಪಕ್ಕೆ ಕುಳಿತು ಏಳು ವರ್ಷವಾಯಿತು. ನನ್ನ ಪ್ರಾರ್ಥನೆ ದೇವರಿಗೆ ಮುಟ್ಟಿದೆ ಎಂದು ತಿಳಿಯುವುದು ಹೇಗೆ?”

ಕೇಳಿದವನು ಮಠದ ಶಿಷ್ಯ ಗಂಗಯ್ಯ. ಅವನ ಬಟ್ಟೆಬರೆಯ ಗಂಟು ಆಗಲೇ ಬಾಗಿಲ ಬಳಿ ಸಿದ್ಧವಾಗಿತ್ತು. ಅವನ ಜೊತೆಯಲ್ಲೇ ಮಠಕ್ಕೆ ಬಂದಿದ್ದ ಇನ್ನೊಬ್ಬನಿಗೆ ಮೂರನೆಯ ತಿಂಗಳಲ್ಲೇ ಜಪದ ನಡುವೆ ಬೆಳಕು ಕಂಡಿತ್ತು. ಆತ ಧನ್ಯನಾದೆನೆಂದು ಕಣ್ಣೀರು ಒರೆಸಿಕೊಂಡು ಊರಿಗೆ ಹೊರಟುಹೋದ. ಗಂಗಯ್ಯನಿಗೆ ಬೆಳಕೂ ಕಾಣಲಿಲ್ಲ, ದನಿಯೂ ಕೇಳಲಿಲ್ಲ. ದಿನವೂ ಕೂತ, ದಿನವೂ ಎದ್ದ, ಅಷ್ಟೇ.

“ಇವತ್ತು ಏನಾದರೂ ಒಂದು ಹೇಳಿಬಿಡಿ. ಮುಟ್ಟಿಲ್ಲವೆಂದಾದರೆ ನಾನು ಹೊರಡುತ್ತೇನೆ. ನನ್ನ ತಲೆ ಕೆಟ್ಟುಹೋಗಿದೆ” ಎಂದ.

ಗುರುಗಳು ಒಮ್ಮೆ ಗಂಟನ್ನು ನೋಡಿದರು, ಒಮ್ಮೆ ಅವನನ್ನು ನೋಡಿದರು.

“ಹೊರಡುವವನಿಗೆ ಒಂದು ಕತೆ ಕೇಳುವಷ್ಟು ಹೊತ್ತಿದ್ದೇ ಇರುತ್ತದೆ. ಕೂತುಕೋ” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಫೋಟೊಗ್ರಾಫರ್ ಇದ್ದ. ದೈವಭಕ್ತ. ಕಣ್ಣು ಮುಚ್ಚಿ ಇಷ್ಟದೇವರನ್ನು ನೆನೆಯದೆ ಕ್ಯಾಮೆರಾದ ಗುಂಡಿ ಒತ್ತಿದವನಲ್ಲ. ಅವನ ಹತ್ತಿರ ಎರಡು ಕ್ಯಾಮೆರಾಗಳಿದ್ದವು.

ಒಂದು ಹಳೆಯದು, ಸೋಪಿನ ಬಿಲ್ಲೆಯಷ್ಟು ಚಿಕ್ಕದು. ಅಂಗಿಯ ಜೇಬಿಗೆ ಹಾಕಿಕೊಂಡರೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಒತ್ತಿದರೆ ಟಕ್ ಎನ್ನುತ್ತಿತ್ತು, ಫಕ್ಕನೆ ಬೆಳಕು ಚೆಲ್ಲುತ್ತಿತ್ತು. ಹದಿನೈದು ವರ್ಷ ಆ ಊರಿನ ನಾಮಕರಣ, ಸೀಮಂತಗಳಿಗೆಲ್ಲ ಅದೇ ಆಗಿತ್ತು. ಟಕ್ ಎಂದ ಕೂಡಲೇ ಜನ ಹಿಡಿದ ಉಸಿರು ಬಿಟ್ಟು ಹಗುರಾಗುತ್ತಿದ್ದರು, ಆಮೇಲೆ ನಗುತ್ತಿದ್ದರು. ನಗು ಬರುವ ಹೊತ್ತಿಗೆ ಚಿತ್ರ ಮುಗಿದಿರುತ್ತಿತ್ತು.

ಇನ್ನೊಂದು ಹೊಸದು, ದೊಡ್ಡದು. ಕೊರಳಿಗೆ ಹಾಕಿಕೊಂಡರೆ ಕತ್ತು ಬಗ್ಗುವಷ್ಟು ಭಾರ. ಅದಕ್ಕೆ ಮಿರರ್‌ಲೆಸ್ ಎನ್ನುತ್ತಾರೆ. ಮೊದಲಿನ ದೊಡ್ಡ ಕ್ಯಾಮೆರಾಗಳ ಒಳಗೆ ಒಂದು ಕನ್ನಡಿ ಇರುತ್ತಿತ್ತು. ಒತ್ತಿದಾಗಲೆಲ್ಲ ಅದು ಮೇಲೆದ್ದು ಸದ್ದು ಮಾಡುತ್ತಿತ್ತು. ಇದರಲ್ಲಿ ಕನ್ನಡಿ ಇಲ್ಲ. ಮಾರಿದವನು ಇದ್ದಬದ್ದ ಸದ್ದನ್ನೂ ನಿಲ್ಲಿಸಿಯೇ ಕೊಟ್ಟಿದ್ದ. ಸದ್ದು ಬರುವಂತೆ ಮಾಡುವ ದಾರಿಯೂ ಅದರೊಳಗೆ ಎಲ್ಲೋ ಇತ್ತಂತೆ. ಹುಡುಕಲು ಹೊರಟರೆ ಅದರ ಪರದೆಯ ಮೇಲೆ ಒಂದು ಪಟ್ಟಿಯ ಒಳಗೆ ಇನ್ನೊಂದು ಪಟ್ಟಿ ತೆರೆದುಕೊಂಡು, ಬಂದ ದಾರಿಯೂ ಅವನಿಗೆ ಮರೆತುಹೋಗುತ್ತಿತ್ತು.

ಎರಡರಲ್ಲಿ ಯಾವುದು ಮೇಲು ಎಂಬುದು ಅವನಿಗೆ ಬಗೆಹರಿಯಲಿಲ್ಲ. ದೇವರಿಗೆ ಏರಿಸುವ ದಾಸವಾಳವನ್ನೇ ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡುತ್ತಿದ್ದ. ದೊಡ್ಡದರಲ್ಲಿ ಹೂವಿನ ಮೇಲಿನ ಇರುವೆಯ ಮೀಸೆಯೂ ಕಾಣುತ್ತಿತ್ತು. ಚಿಕ್ಕದರಲ್ಲಿ ಇರುವೆಯೇ ಇರಲಿಲ್ಲ, ರವೆ ಚೆಲ್ಲಿದ ಹಾಗೆ ತರಿತರಿ. ಆದರೆ ಆ ಕೆಂಪು ಮಾತ್ರ ಬೆಳಿಗ್ಗೆ ಕಿತ್ತ ಹೂವಿನದೇ. ಒಂದು ದಿನ ಇದು ಸರಿ ಎನಿಸುತ್ತಿತ್ತು, ಮರುದಿನ ಅದು.

ಅವನ ಹೆಂಡತಿ ನಗುತ್ತಿದ್ದಳು. “ಹಳೇ ಸೊಸೆ ಬಾಯಿ ಮುಚ್ಚಲ್ಲ, ಹೊಸ ಸೊಸೆ ಬಾಯಿ ಬಿಡಲ್ಲ. ನಡುವೆ ನಿಮಗೆ ಅತ್ತೆ ಪಾಡು” ಎನ್ನುತ್ತಿದ್ದಳು.

ಹೀಗಿರುವಾಗ ಒಬ್ಬ ಮುದುಕಿ ಅವನ ಬಳಿಗೆ ಬಂದಳು. ಅವಳಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಮನೆಯ ನಡುವೆ ಗೋಡೆ ಎದ್ದಿತ್ತು. ಪಾಲಾಗುವಾಗ ಮನೆದೇವರ ವಿಗ್ರಹ ಹಿರಿಯನಿಗೆ ಹೋಯಿತು. ಕಿರಿಯ ಹಟ ಹಿಡಿದು ಪೂಜೆಯ ಗಂಟೆಯನ್ನು ತನ್ನ ಪಾಲಿಗೆ ಇಟ್ಟುಕೊಂಡ. ಅಂದಿನಿಂದ ದೇವರು ಗೋಡೆಯ ಈಚೆ, ಗಂಟೆ ಗೋಡೆಯ ಆಚೆ. ತಾಯಿ ಒಂದು ತಿಂಗಳು ಇಲ್ಲಿ ಉಣ್ಣುತ್ತಿದ್ದಳು, ಒಂದು ತಿಂಗಳು ಅಲ್ಲಿ.

“ನನ್ನ ಕಣ್ಣು ದಿನಕ್ಕಿಷ್ಟು ಮಂಜಾಗ್ತಾ ಇದೆ ಕಣಪ್ಪಾ. ಪೂರಾ ಹೋಗೋದರೊಳಗೆ ಇಬ್ಬರನ್ನೂ ಒಟ್ಟಿಗೆ ಒಂದು ಸಲ ನೋಡಿಬಿಡಬೇಕು. ಗೋಡೆಯಷ್ಟಗಲ ಒಂದು ಫೋಟೊ ಮಾಡಿಕೊಡು, ನನಗೆ ಕಾಣೋ ಹಾಗೆ” ಎಂದಳು.

“ಅವರು ಒಪ್ಪಬೇಕಲ್ಲ, ಅಜ್ಜಿ?”

“ಎರಡು ಹೊತ್ತು ಉಪವಾಸ ಕೂತೆ. ಒಪ್ಪಿದಾರೆ.”

ಒಪ್ಪಿದ್ದರು, ಆದರೆ ಹಿರಿಯ ಒಂದು ಷರತ್ತು ಹಾಕಿದ್ದ. “ಒಂದೇ ಒಂದು ಫೋಟೊ. ಟಕ್ ಅಂದ ತಕ್ಷಣ ನಾನು ಏಳ್ತೀನಿ. ಆಮೇಲೆ ನನ್ನನ್ನು ಯಾರೂ ಕರೆಯಬಾರದು.” ಕಿರಿಯನೂ ಬಿಡಲಿಲ್ಲ. “ಅವನು ಏಳೋ ತನಕ ನಾನೂ ಕೂತಿರ್ತೀನಿ. ನಾನೇ ಮೊದಲು ಎದ್ದೆ ಅಂತ ನಾಳೆ ಊರೆಲ್ಲ ಹೇಳಿಕೊಂಡು ತಿರುಗೋದು ಬೇಡ” ಎಂದಿದ್ದ.

ಆ ಬೆಳಿಗ್ಗೆ ಫೋಟೊಗ್ರಾಫರ್ ಎರಡು ಕ್ಯಾಮೆರಾಗಳನ್ನೂ ತೆಗೆದುಕೊಂಡು ಹೋದ. ಗೋಡೆ ಮನೆಯೊಳಗೆ ಎದ್ದಿತ್ತು. ಹೊರಗಿನ ಜಗಲಿ ಮಾತ್ರ ಒಂದೇ ಆಗಿ ಉಳಿದಿತ್ತು. ಅಲ್ಲಿ ಬೆಂಚು ಹಾಕಿದರು. ತಾಯಿ ನಡುವೆ ಕೂತಳು. ಹಿರಿಯ ಬಲಕ್ಕೆ ಕೂತು ರಸ್ತೆಯ ಕಡೆ ಮುಖ ಮಾಡಿದ. ಕಿರಿಯ ಎಡಕ್ಕೆ ಕೂತು ದನದ ಹಟ್ಟಿಯ ಕಡೆ ನೋಡಿದ.

ಫೋಟೊಗ್ರಾಫರ್ ಎರಡು ಕ್ಯಾಮೆರಾಗಳನ್ನೂ ನೋಡಿದ. ಸಿಗುವುದು ಒಂದೇ ಸಲ. ಚಿಕ್ಕದರಲ್ಲಿ ತೆಗೆದರೆ ಟಕ್ ಎನ್ನುತ್ತದೆ, ಹಿರಿಯ ಏಳುತ್ತಾನೆ. ಯಾರಾದರೂ ಕಣ್ಣು ಮುಚ್ಚಿದ್ದರೆ ಆಯಿತು, ಅಷ್ಟೇ. ಕಣ್ಣು ತೆರೆದೇ ಇದ್ದರೂ, ಗೋಡೆಯಗಲಕ್ಕೆ ಹಿಗ್ಗಿಸಿದಾಗ ಮುದುಕಿಗೆ ಮಕ್ಕಳ ಮುಖದ ಬದಲು ರವೆ ಕಾಣುತ್ತದೆ. ದೊಡ್ಡದು ಒಂದು ಸಲ ಒತ್ತಿದರೆ ಇಪ್ಪತ್ತು ಚಿತ್ರ ಹಿಡಿಯುತ್ತದೆ. ಅವನು ದೊಡ್ಡದನ್ನೇ ಎತ್ತಿಕೊಂಡ. ದೇವರನ್ನು ನೆನೆದ, ಒತ್ತಿದ.

ಸದ್ದಿಲ್ಲ, ಬೆಳಕಿಲ್ಲ. ಮೂವರೂ ಹಾಗೆಯೇ ಕೂತಿದ್ದರು.

ಅವನು ಹಿಂದಿನ ಪರದೆಯಲ್ಲಿ ನೋಡಿದ. ಇಪ್ಪತ್ತು ಚಿತ್ರ ಬಂದಿದ್ದವು. ಇಪ್ಪತ್ತರಲ್ಲೂ ಹಿರಿಯನ ಹಲ್ಲುಕಚ್ಚಿದ ದವಡೆ, ಕಿರಿಯನ ಗಂಟಿಕ್ಕಿದ ಹುಬ್ಬು, ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ. ಇದನ್ನು ಗೋಡೆಯಗಲ ಮಾಡಿದರೆ ಆ ತಾಯಿ ದಿನವೂ ನೋಡಬೇಕಾದದ್ದು ಜಗಳವನ್ನೇ. ಅವನ ಮನಸ್ಸು ಒಪ್ಪಲಿಲ್ಲ. ಮತ್ತೆ ಒತ್ತಿದ. ಮತ್ತೆ ಅದೇ ಮುಖಗಳು.

“ಏನಯ್ಯಾ, ಆಗಲಿಲ್ವಾ ಇನ್ನೂ?” ಹಿರಿಯ ಕೇಳಿದ.

ಆಗ ಅವನಿಗೆ ಹೊಳೆಯಿತು. ಇವರು ಸದ್ದಿಗಾಗಿ ಕಾಯುತ್ತಿದ್ದಾರೆ.

ಆಯಿತು ಎನ್ನಲೇ? ಎಂದರೆ ಹಿರಿಯ ಏಳುತ್ತಾನೆ. ಎನ್ನದಿದ್ದರೆ ಮೋಸವಾಗುತ್ತದೆಯೇ? “ಅಂದುಕೊಂಡ ಚಿತ್ರ ಇನ್ನೂ ಸಿಕ್ಕಿಲ್ಲ, ಯಜಮಾನ್ರೇ” ಎಂದ. ಅದು ಸುಳ್ಳಾಗಿರಲಿಲ್ಲ. ಪೂರಾ ನಿಜವೂ ಅಲ್ಲವೆಂದು ಅವನಿಗೆ ಗೊತ್ತಿತ್ತು. ದೇವರೇ, ನೀನೇ ನೋಡಿಕೋ ಎಂದುಕೊಂಡು ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡ.

ಹೊತ್ತು ಹೋಯಿತು. ಹಿರಿಯ ಮಾತಿಗೆ ಕಟ್ಟುಬಿದ್ದವನು, ಸದ್ದು ಬಾರದೆ ಏಳುವವನಲ್ಲ. ಕಿರಿಯ ಸೋಲಲಾರದವನು, ಅಣ್ಣ ಏಳದೆ ಏಳುವವನಲ್ಲ. ತಾಯಿ ಉಸಿರು ಬಿಗಿಹಿಡಿದಿದ್ದಳು, ಮಿಸುಕಿದರೆ ಎಲ್ಲಿ ಮುಗಿದುಹೋಗುತ್ತದೋ ಎಂದು. ಜಗಲಿಯ ಮೇಲೆ ಬಿಸಿಲು ಒಂದು ಮೊಳ ಮುಂದೆ ಬಂತು.

“ಅವ್ವಾ, ನನ್ನ ಕಾಲು ಜೋಮು ಹಿಡಿದುಬಿಡ್ತು” ಎಂದ ಹಿರಿಯ.

ತಾಯಿ ಉತ್ತರ ಕೊಡುವ ಮೊದಲೇ ಕಿರಿಯ ಹಟ್ಟಿಯ ಕಡೆ ನೋಡುತ್ತಲೇ ಹೇಳಿದ. “ಹೆಬ್ಬೆರಳು ಅಲ್ಲಾಡಿಸಬೇಕು. ಅದೂ ಹೇಳಿಕೊಡಬೇಕಾ?”

“ನಿನ್ನನ್ನು ಯಾರು ಕೇಳಿದರು?”

“ನಾನು ಅವ್ವನಿಗೆ ಹೇಳಿದ್ದು.”

“ಅವ್ವನ ಕಾಲಿಗೇನಾಗಿದೆ?”

ಹಿರಿಯ ಮೆಲ್ಲಗೆ ಹೆಬ್ಬೆರಳು ಅಲ್ಲಾಡಿಸುತ್ತಿದ್ದುದು ಫೋಟೊಗ್ರಾಫರನಿಗೆ ಕಂಡಿತು.

ಕಿರಿಯನ ಬಾಯಿ ಸುಮ್ಮನಿರಲಿಲ್ಲ. “ಕಾಲು ಬಿಡು. ಗಂಟೆ ಇಲ್ಲದೆ ಮಂಗಳಾರತಿ ಎತ್ತುತ್ತಾನಂತೆ ದಿನಾ. ದೇವರಿಗೆ ಹೇಗೆ ಗೊತ್ತಾಗಬೇಕು, ಪೂಜೆ ಆಯ್ತು ಅಂತ?”

ಈಗ ಹೊಡೆದಾಟವೇ ಆಗುತ್ತದೆ ಎಂದುಕೊಂಡ ಫೋಟೊಗ್ರಾಫರ್. ಆದರೆ ಹಿರಿಯನಿಗೆ ಸಿಟ್ಟು ಬರಲಿಲ್ಲ. ಅವನು ರಸ್ತೆಯನ್ನು ನೋಡುತ್ತಾ, ಎಲ್ಲರಿಗೂ ಗೊತ್ತಿರುವುದನ್ನು ಹೇಳುವವನಂತೆ ಹೇಳಿದ.

“ಗಂಟೆ ಇಲ್ಲದೆ ಏನು? ಗೋಡೆ ಆಚೆ ನೀನು ಬಾರಿಸ್ತೀಯಲ್ಲ. ಅದು ಕೇಳಿಸಿದ ಮೇಲೇ ನಾನು ಆರತಿ ಎತ್ತೋದು.”

ಕಿರಿಯ ಮೊದಲ ಸಲ ಈ ಕಡೆ ತಿರುಗಿದ.

“ಏನು? ನಿನ್ನ ಕರ್ಪೂರದ ವಾಸನೆ ಬಂದ ಮೇಲೆ ತಾನೇ ನಾನು ಗಂಟೆ ಮುಟ್ಟೋದು?”

“ಅದು ಹೇಗಾಗುತ್ತೆ? ಗಂಟೆ ಕೇಳಿಸದೆ ನಾನು ಕರ್ಪೂರ ಹಚ್ಚೋದೇ ಇಲ್ಲ.”

“ವಾಸನೆ ಬಾರದೆ ನಾನು ಬಾರಿಸೋದೇ ಇಲ್ಲ!”

“ಹಾಗಾದರೆ ಮೊದಲು ಶುರು ಮಾಡೋದು ಯಾರೋ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಎಂಟು ವರ್ಷ ಗೋಡೆಯ ಎರಡು ಕಡೆ ಕೂತು, ಪ್ರತಿದಿನ ಒಂದೇ ಪೂಜೆ ಮಾಡಿದ್ದರು. ಅದು ಪ್ರತಿದಿನ ಹೇಗೆ ಶುರುವಾಗುತ್ತಿತ್ತು ಎಂಬುದು ಇಬ್ಬರಿಗೂ ತಿಳಿಯದು. ಹಿರಿಯ ಲೆಕ್ಕ ಹಾಕುವವನಂತೆ ಬೆರಳು ಮಡಿಚಿದ, ಬಿಚ್ಚಿದ. ಕಿರಿಯ ತಲೆ ಕೆರೆದುಕೊಂಡ.

“ನಿನಗೆ ಗೊತ್ತೇನವ್ವಾ?” ಇಬ್ಬರೂ ಒಟ್ಟಿಗೆ ಕೇಳಿದರು.

“ನನಗೇನು ಗೊತ್ತು? ಒಂದು ತಿಂಗಳು ನನಗೆ ವಾಸನೆ ಬರುತ್ತೆ, ಒಂದು ತಿಂಗಳು ಗಂಟೆ ಕೇಳಿಸುತ್ತೆ. ಎರಡಕ್ಕೂ ಕೈಮುಗೀತೀನಿ” ಎಂದಳು ತಾಯಿ.

ಹಿರಿಯನಿಗೆ ನಗು ತಡೆಯಲಾಗಲಿಲ್ಲ. “ಲೋ ಬೋಡ” ಎಂದ. ಚಿಕ್ಕಂದಿನಲ್ಲಿ ತಲೆ ಬೋಳಿಸಿದಾಗ ತಮ್ಮನಿಗೆ ಇಟ್ಟ ಹೆಸರು ಅದು. ಆ ತಲೆ ಈಗ ನರೆತಿತ್ತು. ಕಿರಿಯ ತಾಯಿಯ ಮಡಿಲ ಮೇಲಿಂದ ಕೈ ಚಾಚಿ ಅಣ್ಣನ ಜೋಮು ಹಿಡಿದ ಕಾಲನ್ನು ಜೋರಾಗಿ ಚಿವುಟಿದ. ಹಿರಿಯ ಅಯ್ಯೋ ಎಂದ.

ಆ ಹೊತ್ತಿಗೆ ಫೋಟೊಗ್ರಾಫರನ ಕಣ್ಣು ತುಂಬಿತ್ತು. ಅವನ ಬೆರಳು ಒತ್ತಿತೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಆ ಕ್ಯಾಮೆರಾ ಅದನ್ನು ಹೇಳುವಂಥದ್ದೂ ಅಲ್ಲ.

ಅವನಿಗೆ ಇನ್ನು ಮುಚ್ಚಿಡಲಾಗಲಿಲ್ಲ. ಜಗಲಿಯ ಕೆಳಗೆ ಬಂದು ಕೈಮುಗಿದು ನಿಂತ. “ತಪ್ಪಾಯಿತು ಯಜಮಾನ್ರೇ. ನೀವು ಕೂತ ಮರುಗಳಿಗೆಯಲ್ಲೇ ತೆಗೆದಿದ್ದೆ. ಆಮೇಲೂ ತೆಗೆದೆ. ಇದು ಸದ್ದು ಮಾಡುವುದಿಲ್ಲ. ನಿಮಗೆ ಹೇಳಬೇಕಿತ್ತು, ಹೇಳಲು ಮನಸ್ಸು ಬರಲಿಲ್ಲ.”

ತಾಯಿ ಹಿರಿಯನ ಅಂಗಿಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿರಿಯ ಆ ಕಪ್ಪು ಯಂತ್ರವನ್ನು ಬಹಳ ಹೊತ್ತು ನೋಡಿದ.

“ಟಕ್ ಅಂದರೆ ಏಳ್ತೀನಿ ಅಂದಿದ್ದೆ” ಎಂದ. “ಅದು ಅನ್ನಲೇ ಇಲ್ಲ. ನನ್ನ ಮಾತು ಅಂದರೆ ಮಾತು. ಬೋಡ, ನಿನ್ನ ಹೆಂಡತಿಗೆ ಹೇಳು, ಊಟ ಇಲ್ಲಿಗೇ ಬರಲಿ.”

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಗಂಗಯ್ಯ ಮುಂದೆ ಏನಾದರೂ ಬರುತ್ತದೆಂದು ಕಾದ. ಬರಲಿಲ್ಲ. ಅವನ ಗೊಂದಲ ಕಡಿಮೆಯಾಗುವ ಬದಲು ಹೆಚ್ಚಿತು. ಆ ಅಣ್ಣತಮ್ಮಂದಿರಲ್ಲಿ ಮೊದಲು ಶುರು ಮಾಡುತ್ತಿದ್ದವನು ಯಾರು ಎಂದು ಯೋಚಿಸಿದ. ತಲೆ ಸುತ್ತಿ ಬಂತು. ಆ ಫೋಟೊಗ್ರಾಫರ್ ಮಾಡಿದ್ದು ಸರಿಯೋ ತಪ್ಪೋ ಎಂದು ಯೋಚಿಸಿದ. ಅದೂ ತಿಳಿಯಲಿಲ್ಲ.

“ಗುರುಗಳೇ, ಆ ಎರಡು ಕ್ಯಾಮೆರಾಗಳಲ್ಲಿ ಕೊನೆಗೂ ಯಾವುದು ಮೇಲು? ಚಿಕ್ಕದು ಆಯಿತೆಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಿತ್ತು. ಪಾಪ, ದೊಡ್ಡದರಿಂದಾಗಿ ಅವರು ಅಷ್ಟು ಹೊತ್ತು ಸುಮ್ಮನೆ ಕಾಯಬೇಕಾಯಿತಲ್ಲ. ನಾನು ಕೇಳಿದ್ದು ನನ್ನ ಪ್ರಾರ್ಥನೆಯ ವಿಷಯ. ಏಳು ವರ್ಷದಲ್ಲಿ ನನಗೆ ಒಂದು ಸದ್ದೂ ಯಾಕೆ ಕೇಳಿಸಲಿಲ್ಲ?”

ಗುರುಗಳು ಪ್ರೀತಿಯಿಂದ ಅವನ ಬೆನ್ನಿನ ಮೇಲೆ ಕೈಯಿಟ್ಟರು. ಅವರು ಆಡಿದ್ದು ಒಂದೇ ಮಾತು.

“ಕೇಳಿಸಿದ್ದರೆ, ಮಗೂ, ನೀನು ಎಂದೋ ಎದ್ದು ಹೋಗಿಬಿಡುತ್ತಿದ್ದೆ.”